ಸ್ಟೇ ಮಾವನ ಕಿಟಕಿ

ನಮ್ಮ ಬೀದಿಯ ಸ್ಟೇ ಮಾವನಿಗೆ ಸ್ವಂತಕ್ಕೊಂದು ಸೈಕಲ್ಲೂ ಇಲ್ಲ. ಆದರೂ ನಮ್ಮ ಬೀದಿಯೂ ಸೇರಿದ ನಗರದ ನಡುಭಾಗಕ್ಕೆ ಕಾರು ತಂದವರು ದಟ್ಟಣೆ ಸುಂಕ ಕಟ್ಟಬೇಕೆಂದು ಪಾಲಿಕೆ ಆದೇಶ ಹೊರಡಿಸಿದಾಗಿನಿಂದ ಅವರ ಬಾಯಲ್ಲಿ ಬೇರೆ ಮಾತಿಲ್ಲ. "ರಸ್ತೆ ಏನು ಇವರಪ್ಪನ ಮನೆ ಆಸ್ತಿನಾ? ಕೋರ್ಟಿಂದ ಸ್ಟೇ ತರ್ತೀನಿ, ನೋಡ್ತಿರಿ!" ಎಂದು ಹಾಲಿನವನನ್ನೂ ಬಿಡದೆ ನಿಲ್ಲಿಸಿಕೊಳ್ಳುತ್ತಾರೆ. ಕ್ಷೌರದಂಗಡಿಯಲ್ಲಿ ಕತ್ತಿ ಕುತ್ತಿಗೆಯ ಮೇಲಿರುವಾಗಲೇ ಅವರಿಗೆ ಸಂವಿಧಾನ ನೆನಪಾಗುತ್ತದೆ. "ಮುಂದಿನ ವಾಯಿದೆಗೆ ಇಟ್ಕೊಳ್ಳಿ ಮಾವ, ಇನ್ನೊಂದು ಕೆನ್ನೆ ಬಾಕಿ ಇದೆ" ಎನ್ನುತ್ತಾನೆ ಕ್ಷೌರಿಕ. ಸುಂಕ ಬಂದ ಮೇಲೆ ಬಸ್ಸು ಬೇಗ ತಲುಪಿಸುತ್ತದೆ ಎಂಬುದಕ್ಕೂ ಮಾವನಿಗೆ ಸಿಟ್ಟು: "ವಕೀಲರು ಏಳೋ ಮುಂಚೆನೇ ಕೋರ್ಟ್ ಮುಂದೆ ತಂದು ಬಿಸಾಕ್ತಾರೆ!" ಮೊನ್ನೆ ಸ್ಟೇ ಸಿಕ್ಕೇಬಿಟ್ಟಿತು, ಸುಂಕ ನಿಂತಿತು, ಮಾವ ಬೀದಿಗೆಲ್ಲ ಸಿಹಿ ಹಂಚಿದರು. ಮರುದಿನವೇ ಕಾರುಗಳು ಹಾರ್ನು, ಹೊಗೆಯ ಸಮೇತ ನಮ್ಮ ಬಾಗಿಲುಗಳ ತನಕ ಬಂದು ನಿಂತವು. ಮಾವನ ತಾಯಿಗೆ ಉಬ್ಬಸ. ಸುಂಕ ಬಂದಾಗಿನಿಂದ ಆಕೆ ಮಹಡಿಯ ಕಿಟಕಿ ತೆರೆದಿಟ್ಟು ಬೀದಿ ನೋಡುತ್ತಾ ಕೂರುತ್ತಿದ್ದರು. ಆ ಕಿಟಕಿಯನ್ನು ಮಾವ ತಾವೇ ಮುಚ್ಚಿ, ಕೆಳಗಿಳಿದು ಬಂದು ವಕೀಲರಿಗೆ ಫೋನು ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. ಎಂದೂ ಇಲ್ಲದ ಮೆಲುದನಿಯಲ್ಲಿ ಕೇಳಿದರು: "ಅಲ್ಲ ಸಾರ್, ಪಾಲಿಕೆಯವರು ಸುಮ್ನೆ ಕೂರಲ್ಲ ಅಲ್ವಾ? ಅಪೀಲು ಹೋಗ್ತಾರೆ ತಾನೇ?"