ಒಡಪಿನಲ್ಲಿ ಬಂದ ಹೆಸರು

ಮೊನ್ನೆ ಗೋಕಾಕದ ದವಾಖಾನೆಯೊಂದರಲ್ಲಿ ತೋಳಿಗೆ ಸ್ಪಿರಿಟಿನ ಹತ್ತಿ ಒರೆಸಿದರು. ಸೂಜಿ ಚುಚ್ಚುವ ಮೊದಲೇ ನಾನು ಸಂಕೇಶ್ವರದ ಹೆಣ್ಣುಮಕ್ಕಳ ವಸತಿ ಶಾಲೆಗೆ ಹೋಗಿಬಿಟ್ಟಿದ್ದೆ. ನೀವೂ ಬನ್ನಿ, ಆದರೆ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಅದು ಆ ಶಾಲೆಯ ನಮ್ಮ ನರ್ಸಬಾಯಿಗೆ ಬಿಳಿ ಸೀರೆ ಉಡಿಸುತ್ತದೆ. ಆಕೆ ಉಡುತ್ತಿದ್ದದ್ದು ಹೂವಿನ ನೈಲಾನ್ ಸೀರೆ ಎಂದು ಗೆಳತಿಯರ ವಾದ. ದನಿಯ ಬಗ್ಗೆ ಮಾತ್ರ ತಕರಾರಿಲ್ಲ: ಓಣಿಯ ಆ ತುದಿಗೂ ಕೇಳುವಂಥದು.

ತೊಂಬತ್ತರ ದಶಕದ ಕೊನೆ, ನಾನು ಹತ್ತನೆಯ ತರಗತಿ. ನಮ್ಮ ಕಡೆ ಮದುವೆಯಾದವರು ಗಂಡನ ಹೆಸರನ್ನು ಪ್ರಾಸದಲ್ಲಿಟ್ಟು ಒಡಪು ಹೇಳುತ್ತಾರಲ್ಲ, ಹಾಸ್ಟೆಲಿನಲ್ಲಿ ನಾವು ಅದನ್ನೇ ಆಟ ಮಾಡಿಕೊಂಡಿದ್ದೆವು. ಎಲ್ಲರೂ ಒಡಪಿನಲ್ಲೇ ಸಿನಿಮಾ ನಟರನ್ನು ಮದುವೆಯಾದರು. ನನ್ನ ಸರದಿಗೆ ಬಾಯಲ್ಲಿ ಬಂದದ್ದು:

“ಹೊಳಿ ದಂಡ್ಯಾಗ ಕಬ್ಬಿನ ಗದ್ದಿ, ಸುನಂದಾ ನಕ್ಕರ ಹಾರತೈತಿ ನಿದ್ದಿ.”

ಪ್ರಾಸ ಕೂಡಿದ ಖುಷಿಗೆ ನಾನೇ ಚಪ್ಪಾಳೆ ತಟ್ಟಿದೆ. ಬೇರೆ ಯಾರೂ ತಟ್ಟಲಿಲ್ಲ. ಪಕ್ಕದಲ್ಲಿದ್ದ ಸುನಂದಾ ಎದ್ದು ಹೋದಳು. “ಏ, ಸುನಂದಾನ ಗಂಡಾ!” ಎಂದು ಯಾರೋ ಕೂಗಿದರು, ಆ ಹೆಸರು ಊಟದ ಸಾಲಿನವರೆಗೂ ಬೆನ್ನು ಹತ್ತಿತು. ವಾರ್ಡನ್ ಬಾಯಿ ನಮ್ಮೂರು ಘೋಡಗೇರಿಯಿಂದ ಅಪ್ಪನನ್ನು ಕರೆಸಿದರು. ಅಪ್ಪನದು ಒಂದೇ ಮಾತು: ನರ್ಸಬಾಯಿ ಇದನ್ನು ರೋಗ ಅಂದರೆ ಶಾಲೆ ಬಿಡಿಸುವುದು, ಬೇಸಿಗೆಗೆ ಲಗ್ನ.

ನರ್ಸಬಾಯಿ ಅವರಿಬ್ಬರನ್ನೂ ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡರು. ಆ ದನಿ ಅಷ್ಟು ಸಣ್ಣದಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ.

“ಸುನಂದಾ ಅಂದ್ರ ಭಾಳ ಜೀವ ಏನವ್ವಾ?”

“ನಂಗ ತಿಳೀವಲ್ದರಿ.”

“ತಿಳೀದಿದ್ರೂ ನಡೀತೈತಿ. ಅವಸರೇನೈತಿ? ಹಿಂಗ ಇದ್ದವರು ಮದಲೂ ಇದ್ರು, ಈಗೂ ಅದಾರ. ಕೆಟ್ಟಾಕಿ ಅಲ್ಲ ನೀ. ಊಟ ಬಿಟ್ಟೀಯಂತ, ಅದೊಂದು ನಂಗ ಸೇರಲಿಲ್ಲ. ಅಪ್ಪಗ ಏನ್ ಹೇಳ್ಲಿ? ನೀ ಹೇಳಂದಷ್ಟ ಹೇಳತೀನಿ.”

“ಸಾಲಿ ಬಿಡಸಬ್ಯಾಡ ಅನ್ರಿ.”

ಬಾಗಿಲು ತೆರೆದಾಗ ದನಿ ಮತ್ತೆ ದೊಡ್ಡದು. “ಮೈಯಾಗ ರೋಗಿಲ್ರಿ ಕಾಕಾ, ತಲ್ಯಾಗೂ ಇಲ್ಲ. ಹುಡುಗ್ಯಾರು ಕಾಡಾಕತ್ತಾರ, ಅದಕ್ಕ ಸೊರಗ್ಯಾಳ.”

“ಒಳಗ ಏನಂದ್ಳರಿ ಬಾಯಾರ?” ಎಂದರು ಅಪ್ಪ.

“ಸಾಲಿ ಬಿಡಸಬ್ಯಾಡ್ರಿ ಅಂದ್ಳು. ಉಳಿದದ್ದು ಆಕೀದು.”

ಅಪ್ಪ ಟೋಪಿ ಸರಿಮಾಡಿಕೊಂಡು ಒಬ್ಬರೇ ಬಸ್ಸಿಗೆ ಹೋದರು. ಮರುದಿನ ನರ್ಸಬಾಯಿ ತಾಟು ಹಿಡಿದು ಊಟದ ಸಾಲಿನಲ್ಲಿ ನನ್ನ ಬಾಜೂ ಕೂತರು. “ಯಾರವ್ವಾ ಗಂಡಾ ಗಂಡಾ ಅನ್ನಾಕಿ? ಬಾ ಇಲ್ಲೆ, ನಾಲಿಗಿ ತೋರಸು. ಭಾಳ ಉದ್ದಾಗೇತಂತ.” ಸಾಲಿಗೆ ಸಾಲೇ ನಕ್ಕಿತು, ಈ ಸಲ ನನ್ನನ್ನು ನೋಡಿ ಅಲ್ಲ.

ಸುನಂದಾ ಮತ್ತೆ ಮಾತಾಡಿದಳೇ? ಒಂದು ನೆನಪು ಹೌದೆನ್ನುತ್ತದೆ, ಇನ್ನೊಂದು ಅದು ನಾನೇ ಹೆಣೆದದ್ದು ಎನ್ನುತ್ತದೆ. ನಾನು ಅಲ್ಲೇ ಕಲಿತು ಮ್ಯಾಟ್ರಿಕ್ ಪಾಸಾದದ್ದು ಖರೆ.

ದವಾಖಾನೆಯ ಹುಡುಗಿ ಸೂಜಿ ತೆಗೆದು ಹೊರಗಿನ ಬೆಂಚಿನತ್ತ ನೋಡಿದಳು. “ಜೋಡಿ ಬಂದವರು ನಿಮ್ಮ ಅಕ್ಕಾರೇನ್ರಿ?”

ಇಷ್ಟು ವರ್ಷ ಹೌದು ಅನ್ನುತ್ತಿದ್ದೆ.

“ಅಲ್ಲವ್ವಾ,” ಎಂದೆ, ನಮ್ಮ ಕಡೆ ಗಂಡಸರು ಹೆಂಡತಿಗೆ ಅನ್ನುವ ಹಾಗೆ. “ನಮ್ಮ ಮನಿಯಾಕಿ.”

ಹುಡುಗಿ ತೋಳಿಗೆ ಹತ್ತಿ ಒತ್ತಿದಳು. “ಮತ್ತ ಹೊರಗ್ಯಾಕ ಕುಂದರಿಸೀರಿ? ಒಳಗ ಕರೀರಲ್ಲ.”