ಹಿಂದೆ ಬರುತ್ತಿದ್ದ ಎದುರುಮನೆ ಆಂಟಿ

ಹೋದ ವಾರ ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಆಟೋದಲ್ಲಿ ಕೂತಿದ್ದಾಗ ಪಕ್ಕಕ್ಕೆ ಒಂದು ಹಳೆಯ ಮೊಪೆಡ್ ಬಂದು ನಿಂತಿತು. ಹಿಂದೆ ಮುಂದೆ ಎಲ್ಲ ಗೋಣಿಚೀಲ, ನಡುವೆ ಎಲ್ಲೋ ಸವಾರ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಕಾಲದ ಗಾಡಿ. ಅದು ಉಗುಳಿದ ನೀಲಿ ಹೊಗೆಗೆ ಆಟೋ ಡ್ರೈವರ್ ಮೂಗು ಮುಚ್ಚಿಕೊಂಡು ಏನೋ ಬೈದುಕೊಂಡರು. ನಾನು ಮಾತ್ರ ನಾಚಿಕೆಯಿಲ್ಲದೆ ಮೂಗರಳಿಸಿ ಆ ಹೊಗೆಯನ್ನು ಎಳೆದುಕೊಂಡೆ. ಅದರ ಜೊತೆಗೆ ಹಸಿ ಹುಲ್ಲಿನ ವಾಸನೆಯೂ ಬಂದಂತಾಯಿತು... ಆ ಸಿಗ್ನಲ್ಲಿನಲ್ಲಿ ಹಸಿ ಹುಲ್ಲು ಎಲ್ಲಿಂದ ಬರಬೇಕು!

ಚಂದ್ರಾ ಲೇಔಟಿನಲ್ಲಿ ನಮ್ಮ ತವರುಮನೆಯ ಎದುರಿಗೆ ಅವರ ಮನೆ. ನಮಗೆಲ್ಲ ಅವರು ಎದುರುಮನೆ ಆಂಟಿ. ಲೇಔಟ್ ಬರುವ ಮೊದಲು ನಮ್ಮ ಬೀದಿ ಅವರ ಮಾವನವರ ಹೊಲವಾಗಿತ್ತಂತೆ. ಈಗ ನಿಮ್ಮ ಅಡುಗೆಮನೆ ಇರುವ ಜಾಗದಲ್ಲಿ ನಾನು ಹುರುಳಿ ಕಿತ್ತಿದ್ದೇನೆ ಎಂದು ಅಮ್ಮನಿಗೆ ಆಗಾಗ ನೆನಪು ಮಾಡುತ್ತಿದ್ದರು. ಅಮ್ಮನಿಗೆ ಅದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಹೊಲ ಹೋದರೂ ಆಂಟಿ ಹಸು ಬಿಟ್ಟಿರಲಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಒಂದು ಸೀಮೆಹಸು ಕಟ್ಟಿಕೊಂಡಿದ್ದರು. ಅದರ ಮೇವಿಗೆ ದಿನಾ ಬೆಳಗ್ಗೆ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ, ಕೆಂಗೇರಿಯ ಆಚೆ ಉಳಿದಿದ್ದ ತಮ್ಮ ತುಂಡು ಹೊಲಕ್ಕೆ ಮೊಪೆಡ್ಡಿನಲ್ಲಿ ಹೋಗಿ ಹುಲ್ಲು ಕೊಯ್ದು ತರುತ್ತಿದ್ದರು.

ನಾನು ಆಗ ಡಿಗ್ರಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ ಓಡುತ್ತಿದ್ದೆ ಅನ್ನುವುದೇ ಸರಿ. ಟ್ರ್ಯಾಕಿನ ಮೇಲೆ ಗಾಣದೆತ್ತಿನ ಹಾಗೆ ಸುತ್ತುವುದು ನನಗೆ ಸೇರುತ್ತಿರಲಿಲ್ಲ. ಕ್ರಾಸ್ ಕಂಟ್ರಿ ಎಂದರೆ ಪ್ರಾಣ. ಹೊಲ, ಬದು, ದಿಣ್ಣೆ, ಹಳ್ಳ, ಕಾಲಿಗೆ ಮೆತ್ತುವ ಕೆಸರು, ಎಲ್ಲವೂ ಇಷ್ಟ. ಹಾಗಿರುವಾಗ ಒಂದು ಓಟದಲ್ಲಿ, ನಾನೇ ಎಲ್ಲರಿಗಿಂತ ಮುಂದಿದ್ದಾಗ, ಕಿರಿದಾದ ಬದುವಿನ ಮೇಲೆ ಹಿಂದಿನಿಂದ ಹೆಜ್ಜೆ ಸದ್ದು ಹತ್ತಿರವಾಯಿತು. ಯಾರದೋ ಮೊಣಕೈ ತಗುಲಿತು. ಪಕ್ಕದ ಹಳ್ಳಕ್ಕೆ ಮುಖ ಕೆಳಗಾಗಿ ಬಿದ್ದೆ. ನಾನಲ್ಲಿ ಮುಳ್ಳಿನ ನಡುವೆ ಬಿದ್ದಿರುವಾಗ ಒಬ್ಬೊಬ್ಬರೇ ನನ್ನ ತಲೆಯ ಮೇಲುಗಡೆ ದಡದಡ ಓಡಿಹೋಗುತ್ತಿದ್ದರು.

ಉಳುಕಿದ ಕಾಲು ವಾಸಿಯಾಯಿತು, ಹೆದರಿಕೆ ವಾಸಿಯಾಗಲಿಲ್ಲ. ಹಿಂದೆ ಹೆಜ್ಜೆ ಸದ್ದು ಕೇಳಿದರೆ ಸಾಕು, ಎದೆ ಹಿಡಿದುಕೊಂಡು, ಕಾಲು ತಾನಾಗಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಮುಂದಿನ ಓಟದಲ್ಲಿ ಹೀಗೆ ಎಲ್ಲರಿಗೂ ದಾರಿ ಬಿಟ್ಟುಕೊಟ್ಟು ಕೊನೆಗೆ ಓಟವನ್ನೇ ಬಿಟ್ಟು ಕಾಲೇಜು ಬಸ್ಸಿನಲ್ಲಿ ಹೋಗಿ ಕೂತೆ. ಪಿ.ಟಿ. ಮೇಡಂ ಬೈಯಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಓಟವಿದೆ, ಅಷ್ಟರಲ್ಲಿ ಸರಿಹೋದರೆ ಬಾ, ಇಲ್ಲದಿದ್ದರೆ ನಿನ್ನ ಜಾಗ ಇನ್ನೊಬ್ಬಳಿಗೆ ಕೊಡುತ್ತೇನೆ ಎಂದರು. ಬೈದಿದ್ದರೇ ಚೆನ್ನಾಗಿತ್ತು. ಮನೆಗೆ ಬಂದು, ಇನ್ನು ನಾನು ಓಡುವುದಿಲ್ಲ ಎಂದು ಮುಸುಕು ಹಾಕಿಕೊಂಡು ಮಲಗಿದೆ. ಆ ವಯಸ್ಸಿನಲ್ಲಿ ನನ್ನದು ಅಂತ ನನಗಿದ್ದದ್ದು ಅದೊಂದೇ.

ಹೆಣ್ಣುಮಗಳಿಗೆ ಈ ಓಟ ಯಾಕೆ ಎಂದು ಅದುವರೆಗೆ ಗೊಣಗುತ್ತಿದ್ದ ಅಮ್ಮನಿಗೆ ನಾನು ಮಲಗಿದ್ದು ನೋಡಲಾಗಲಿಲ್ಲ. ಎದುರುಮನೆಗೆ ಹೋಗಿ ಎಲ್ಲ ಹೇಳಿಕೊಂಡು ಬಂದರು. ಆಂಟಿಗೆ ನಮ್ಮ ಆಟದ ತಲೆಬುಡ ಗೊತ್ತಿರಲಿಲ್ಲ. ಯಾರೂ ಅಟ್ಟಿಸಿಕೊಂಡು ಬರದೆ ಹೊಲದಲ್ಲಿ ಓಡುವುದು ಯಾಕೆ ಎನ್ನುವುದೇ ಅವರಿಗೆ ಅರ್ಥವಾಗಿರಲಿಲ್ಲ. ಆದರೂ, ನಾಳೆಯಿಂದ ನನ್ನ ಜೊತೆ ಕಳಿಸು, ನಾಯಿಗೀಯಿ ಬಂದರೆ ನಾನಿರುತ್ತೇನೆ ಎಂದು ಅಮ್ಮನಿಗೆ ಭರವಸೆ ಕೊಟ್ಟರಂತೆ. ಮಾರನೆಯ ಬೆಳಗ್ಗೆ ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡೇ ಹೊರಟರು. ಬೇಡ ಅನ್ನುವುದಕ್ಕೆ ಅವರು ಬಾಯಿ ಬಿಡಲು ಬಿಟ್ಟರೆ ತಾನೇ.

ಮೈಸೂರು ರಸ್ತೆ ಬಿಟ್ಟು ಬಂಡಿದಾರಿಗೆ ತಿರುಗಿದ ಕೂಡಲೇ ನನ್ನನ್ನು ಇಳಿಸಿ, ಓಡು ಎಂದರು. ತಾವು ಹಿಂದೆ ಗಾಡಿಯಲ್ಲಿ. ಮೊಪೆಡ್ಡಿನ ಸದ್ದು ಬೆನ್ನಿಗೆ ಬಂದದ್ದೇ ತಡ, ನಾನು ಬೇಲಿಗೆ ಅಂಟಿಕೊಂಡು ನಿಂತೆ. ಅವರೂ ನಿಂತರು. ಮತ್ತೆ ಓಡಿದೆ, ಮತ್ತೆ ಬೇಲಿ. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಭಯ ಅನ್ನುತ್ತಾರಲ್ಲ, ಹಾಗೆ. ಮೂರು ನಾಲ್ಕು ಸಲ ಹೀಗಾದ ಮೇಲೆ ಆಂಟಿ ಎಂಜಿನ್ ಆಫ್ ಮಾಡಿದರು.

"ಯಾಕೆ ದಾರಿ ಬಿಡ್ತೀಯಾ? ನಾನೇನು ಮುಂದಕ್ಕೆ ಹೋಗ್ಬೇಕು ಅಂದ್ನಾ?"

ನಾನು ಓಟದಲ್ಲಿ ಬಿದ್ದದ್ದನ್ನು ಹೇಳಿ, ಬರುವವರು ಸುಮ್ಮನೆ ಹಿಂದೆ ಇರುವುದಿಲ್ಲ ಆಂಟಿ, ಮುಂದೆ ಹೋಗುವುದಕ್ಕೇ ಬರುತ್ತಾರೆ ಎಂದೆ. ಹೇಳುತ್ತಾ ಅಳು ಬಂತು.

"ಹೋಗೋರು ಪಕ್ಕದಾಗೆ ಹೋಯ್ತಾರೆ ಬಿಡು. ಅಷ್ಟಗಲ ಹೊಲ ಬಿದ್ದೈತೆ. ನೀನ್ಯಾಕೆ ಮುಳ್ಳಿಗೆ ಇಳೀತೀಯಾ?"

ಇಷ್ಟು ಹೇಳಿ, ಸಮಾಧಾನ ಗಿಮಾಧಾನ ಏನೂ ಮಾಡದೆ ಗಾಡಿ ಸ್ಟಾರ್ಟ್ ಮಾಡಿದರು. ಆ ಗಾಡಿಗೆ ಒಂದು ರೋಗ. ತೀರ ನಿಧಾನ ಹೋದರೆ ನಿಂತೇಬಿಡುತ್ತಿತ್ತು. ಹಾಗಾಗಿ ನಾನು ಸುಸ್ತಾಗಿ ಹೆಜ್ಜೆ ಸಡಿಲಿಸಿದರೆ ಹಿಂದಿನಿಂದ ಗದರಿಕೆ ಶುರು. ನನ್ನ ವೇಗ ಕಟ್ಟಿದ್ದು ಮೊಪೆಡ್ಡಿನ ಕಾಯಿಲೆಯೇ ಹೊರತು ಯಾವ ಕೋಚೂ ಅಲ್ಲ. ಎಂಜಿನ್ನಿನ ಸದ್ದನ್ನೂ ಮೀರಿಸಿ ಆಂಟಿ ಮಾತಾಡುತ್ತಿದ್ದರು. ನಾದಿನಿಯ ಜಿಪುಣತನ, ಹಸು ನೆಂಟರ ಪಂಚೆ ತಿಂದದ್ದು, ಮದುವೆಯಾದ ಹೊಸದರಲ್ಲಿ ಗಂಡನಿಗೆ ಹೆದರಿ ಕಣಜದ ಹಿಂದೆ ಅವಿತುಕೊಂಡದ್ದು... ದಿಣ್ಣೆ ಹತ್ತುವಾಗ ನಗು ಬಂದರೆ ಓಡುವುದು ಎಷ್ಟು ಕಷ್ಟ ಅನ್ನುವುದು ಓಡಿದವರಿಗೇ ಗೊತ್ತು. ಯಾವ ದಿನದಿಂದ ನಾನು ಬೇಲಿಗೆ ಸರಿಯುವುದು ನಿಂತಿತೋ ನೆನಪಿಲ್ಲ. ಬೆಳಗಾದರೆ ಅವರಿಗಿಂತ ಮೊದಲು ನಾನೇ ಗೇಟಿನ ಹತ್ತಿರ ನಿಂತಿರುತ್ತಿದ್ದೆ.

ಸಂಕ್ರಾಂತಿ ಕಳೆದು ಓಟದ ದಿನ ಬಂತು. ಕೆಂಗೇರಿಯ ಆಚೆಯೇ, ಆಂಟಿಯ ಹೊಲಕ್ಕೆ ಹತ್ತಿರದ ಬಯಲಿನಲ್ಲಿ. ನೋಡಲು ಬರುತ್ತೇನೆ ಎಂದಿದ್ದರು. ಹಸುವಿನ ಕೊಂಬಿಗೆ ಬಳಿದು ಉಳಿದ ಬಣ್ಣವನ್ನು ಮಡ್‌ಗಾರ್ಡಿಗೆ ಬಳಿದುಕೊಂಡು, ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಬಂದು ಮರದಡಿ ನಿಂತಿದ್ದರು.

ಓಟ ಶುರುವಾಗಿ ಮೊದಲ ದಿಣ್ಣೆ ದಾಟುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಹಳ್ಳದ ಪಕ್ಕದ ಕಿರುದಾರಿ. ಹಿಂದೆ ಹೆಜ್ಜೆ ಸದ್ದು. ಎದೆ ಹಿಡಿದುಕೊಂಡಿತು. ಅಷ್ಟು ದಿನ ಕಲಿತದ್ದೆಲ್ಲ ಎಲ್ಲಿ ಹೋಯಿತೋ, ಒಂದು ಕಾಲು ಆಗಲೇ ದಾರಿ ಬಿಟ್ಟು ಹುಲ್ಲಿಗೆ ಇಳಿದಿತ್ತು. ಮುಗಿಯಿತು ಅಂದುಕೊಂಡೆ. ಆಗ ದೂರದಿಂದ ಡುಗುಡುಗು ಸದ್ದು, ಅದರ ಹಿಂದೆ ಅಂಪೈರ್ ಊದಿದ ಪೀಪಿ, ಅದರ ಹಿಂದೆ ನಾಲ್ಕಾರು ಗಂಡಸರ ಕೂಗು. ಆಂಟಿ ಮೊಪೆಡ್ ಸಮೇತ ಓಟದ ದಾರಿಗೇ ಇಳಿದುಬಿಟ್ಟಿದ್ದರು! ದಿನಾ ಹಿಂದೆ ಹೋಗಿ ಅಭ್ಯಾಸವಾದವರು, ಇವತ್ತೂ ಹೋಗಬೇಕು ಅಂದುಕೊಂಡಿದ್ದರು. ತಡೆಯಲು ಬಂದವರಿಗೆ, ಆ ಮಗು ನನ್ನ ಜೊತೆ ಬಂದಿರುವುದು, ಬಿಡಿ ಎಂದು ಅವರು ಜೋರು ಮಾಡುತ್ತಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ನನಗೆ ನಗು ಬಂತು. ನಗುವಾಗ ಎದೆ ಸಡಿಲವಾಯಿತು, ಹುಲ್ಲಿಗೆ ಇಳಿದಿದ್ದ ಕಾಲು ದಾರಿಗೆ ಬಂತು. ಹಿಂದಿದ್ದ ಹುಡುಗಿ ಕಾದು ಕಾದು ಸಾಕಾಗಿ, ಕೊಯ್ದ ರಾಗಿ ಹೊಲದೊಳಗಿಂದ ಸುತ್ತಿಕೊಂಡು ನನ್ನ ಪಕ್ಕದಲ್ಲೇ ಮುಂದೆ ಹೋದಳು. ಏನೂ ಆಗಲಿಲ್ಲ. ನಾನು ಬೀಳಲಿಲ್ಲ. ಮುಂದಿನ ಏರಿನಲ್ಲಿ ನಾನು ಅವಳ ಪಕ್ಕದಿಂದ ದಾಟಿದೆ. ಅಲ್ಲಿಂದ ಕೊನೆಯವರೆಗೆ ಓಡಿದ್ದಿದೆಯಲ್ಲ, ಅಂಥ ಸಂತೋಷ ನನಗೆ ಗೆದ್ದ ಓಟಗಳಲ್ಲೂ ಸಿಕ್ಕಿರಲಿಲ್ಲ.

ಮೆಡಲ್ ಗಿಡಲ್ ಏನೂ ಬರಲಿಲ್ಲ. ಆ ಹೆಂಗಸು ಯಾರ ಕಡೆಯವರು ಎಂದು ಅಂಪೈರ್ ವಿಚಾರಿಸಿದಾಗ ಪಿ.ಟಿ. ಮೇಡಂ, ಯಾರೋ ಹುಲ್ಲಿಗೆ ಬಂದವರು, ದಾರಿ ತಪ್ಪಿರಬೇಕು ಸಾರ್ ಎಂದುಬಿಟ್ಟರು. ಆಂಟಿಗೆ ಅದೇ ದೊಡ್ಡ ಅವಮಾನ. ದಿನಾ ಓಡಾಡುವ ಕಡೆ ನಾನು ದಾರಿ ತಪ್ಪುತ್ತೇನಾ ಎಂದು ಮನೆಯವರೆಗೂ ಗೊಣಗಿದರು. ಬೀದಿಗೆಲ್ಲ ಮಾತ್ರ ನಾನೇ ಫಸ್ಟ್ ಬಂದೆ ಎಂದು ಸಾರಿದರು. ನಾನು ತಿದ್ದಲು ಹೋಗಲಿಲ್ಲ.

ಆಮೇಲೆ ನನಗೆ ಮದುವೆಯಾಯಿತು, ವಿಜಯನಗರಕ್ಕೆ ಬಂದೆ. ಅವರ ಹೊಲ ಸೈಟುಗಳಾಯಿತು, ಹಸು ಹೋಯಿತು, ಸಕ್ಕರೆ ಕಾಯಿಲೆಗೆ ಕಾಲು ಸೋತು ಮೊಪೆಡ್ಡನ್ನೂ ಮಾರಿದರು. ಕೊನೆಯ ಸಲ ನೋಡಿದಾಗ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಇನ್ನೂ ಓಡುತ್ತೀಯಾ ಎಂದು ಕೇಳಿದರು. ಭಾನುವಾರ ಓಡುತ್ತೇನೆ ಎಂದೆ. ಹಿಂದೆ ಯಾರು ಬರುತ್ತಾರೆ ಎಂದು ಕೇಳಿದರು. ಯಾರೂ ಇಲ್ಲ ಆಂಟಿ ಎಂದೆ.

"ಹಂಗಾದ್ರೆ ನಿಧಾನಕ್ಕೆ ಓಡು," ಎಂದರು.

ಅವರು ಹೋಗಿ ಈಗ ವರ್ಷವಾಗುತ್ತಾ ಬಂತು. ಆ ಸಿಗ್ನಲ್ಲಿನ ಮಾರನೆಯ ದಿನವೇ ಅವರ ಸೊಸೆ ಫೋನ್ ಮಾಡಿದ್ದರು. ವರ್ಷದ ತಿಥಿಗೆ ಫೋಟೋ ದೊಡ್ಡದು ಮಾಡಿಸಬೇಕು, ಅತ್ತೆ ಗಟ್ಟಿಮುಟ್ಟಾಗಿದ್ದಾಗಿನದು ಒಂದೂ ಇಲ್ಲ, ನೀನು ದಿನಾ ಅವರ ಜೊತೆ ಹೋಗುತ್ತಿದ್ದೆಯಲ್ಲ, ನಿನ್ನ ಹತ್ತಿರ ಇರಬಹುದೇ ಎಂದು ಕೇಳಿದರು. ಹುಡುಕಿದೆ, ಇರಲಿಲ್ಲ. ಫೋಟೋ ಹಾಗಿರಲಿ, ಕಣ್ಣು ಮುಚ್ಚಿ ಆ ಬೆಳಗುಗಳನ್ನು ನೆನೆಸಿಕೊಂಡರೆ ಅವರ ಧ್ವನಿ ಬರುತ್ತದೆ, ಗದರಿಕೆ ಬರುತ್ತದೆ, ಮುಖ ಬರುವುದಿಲ್ಲ. ನನ್ನ ಹಿಂದೆ ಬರುವಾಗ ಅವರ ಮುಖ ಹೇಗಿರುತ್ತಿತ್ತೋ, ನನ್ನನ್ನು ನೋಡಿ ನಗುತ್ತಿದ್ದರೋ ಏನೋ... ಓಡುವಾಗ ಒಂದು ದಿನವೂ ನಾನು ತಿರುಗಿ ನೋಡಲಿಲ್ಲ. ಸೊಸೆಗೆ ಮತ್ತೆ ಫೋನ್ ಮಾಡಿ, ನನ್ನ ಹತ್ತಿರ ಇಲ್ಲ ಅಕ್ಕ ಎಂದು ಹೇಳಿ, ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.