ಚಪ್ಪಟೆ ಒಬ್ಬೆ

ನಮ್ಮ ಗುಂಡಿ ಚಿಕ್ಕಮ್ಮನಿಗೆ ಆ ಹೆಸರು ಬಂದದ್ದು ಅವಳು ಗುಂಡಗಿದ್ದಳೆಂದಲ್ಲ. ಕಡ್ಡಿಯ ಹಾಗಿದ್ದಳು, ಗಾಳಿ ಬೀಸಿದರೆ ಹಿಡಿದುಕೊಳ್ಳಬೇಕು. ಹೊಲಿಗೆ ಅಂಗಡಿಯಿಂದ ಅಂಗಿಗಳ ಕಟ್ಟು ತಂದು ಮನೆಯಲ್ಲೇ ಕೂತು ಗುಂಡಿ ಹಾಕಿಕೊಡುತ್ತಿದ್ದಳು, ಅದಕ್ಕೆ ಆ ಹೆಸರು. ಚಿಕ್ಕಪ್ಪ ಬೇಕರಿಯಲ್ಲಿ ರಾತ್ರಿಪಾಳಿಯ ಭಟ್ಟಿ ನೋಡಿಕೊಳ್ಳುವವನು. ಊರೆಲ್ಲ ಹಲ್ಲುಜ್ಜುವ ಹೊತ್ತಿಗೆ ಅವನು ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಮನೆಗೆ ಬಂದು ಮಲಗಬೇಕು. ಮಲಗುವುದೇನೋ ಮಲಗುತ್ತಿದ್ದ, ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿರಲಿಲ್ಲ. ಪರದೆಯ ಸಂದಿಯಲ್ಲಿ ಬಿಸಿಲು, ಬೀದಿಯಲ್ಲಿ ಸ್ಕೂಟರು, ಮೇಲಿನ ಮನೆಯವರು ಯಾವಾಗ ನೋಡಿದರೂ ಕುರ್ಚಿ ಎಳೆಯುವುದು. ಅವರ ಮನೆಯಲ್ಲಿ ಅಷ್ಟೊಂದು ಕುರ್ಚಿ ಯಾಕಿತ್ತೋ ಕಾಣೆ.

ಆಗ ಮನೆಗೆ ಬಂದದ್ದು ಆ ಡಿವಿಡಿ ಪೆಟ್ಟಿಗೆ, ಒಳಗೆ ಸಾಲಾಗಿ ಡಿಸ್ಕುಗಳು. ಜಪಾನಿನ ಬೊಂಬೆ ಸಿನಿಮಾ, ಡಿವಿಡಿ ಅಂಗಡಿಯವನು ಅದನ್ನು ಅನಿಮೆ ಎನ್ನುತ್ತಿದ್ದ. ಒಬ್ಬಳು ಹುಡುಗಿ, ಒಂದು ಕಿವಿಯ ಕರಡಿ, ಇಬ್ಬರೂ ಕಳೆದುಹೋದ ಸಮುದ್ರವನ್ನು ಹುಡುಕಿಕೊಂಡು ಹೋಗುತ್ತಾರೆ. ಮುಗಿಯದ ಕಥೆ. ಆಡುವ ಭಾಷೆ ಗಂಡನಿಗೂ ತಿಳಿಯದು, ಹೆಂಡತಿಗೂ ತಿಳಿಯದು. ತಿಳಿಯದಿದ್ದರೇನು, ಮೊದಲ ಡಿಸ್ಕಿನಲ್ಲಿ ಮೋಡಗಳನ್ನು ಬರೆದಿದ್ದ ಚಂದ ನೋಡಿ ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುವುದನ್ನೇ ಮರೆತಳು. ಮುಂದಿನ ಡಿಸ್ಕು ಹಾಕಿದರೆ ಎಲ್ಲಾ ಸಪ್ಪೆ. ಹುಡುಗಿಯ ಮುಖ ಉದ್ದವಾಗಿದೆ, ಕರಡಿಯ ಕಿವಿ ಎಡದಿಂದ ಬಲಕ್ಕೆ ಹೋಗಿದೆ. ನಡೆಯುತ್ತಾರೆ, ನಡೆಯುತ್ತಾರೆ, ಹಿಂದೆ ಅವೇ ಮೂರು ಮರ ಮತ್ತೆ ಮತ್ತೆ ಬರುತ್ತವೆ.

"ಏನ್ರೀ ಇದು, ಮೊನ್ನೆ ಅಷ್ಟು ಚೆನ್ನಾಗಿತ್ತು, ಇವತ್ತು ಯಾರೋ ಕಾಟಾಚಾರಕ್ಕೆ ಗೀಚಿದಾರೆ!"

"ಒಂದೇ ಭಟ್ಟಿ ಆದ್ರೂ ಎಲ್ಲಾ ಒಬ್ಬೇನೂ ಒಂದೇ ಥರ ಬರುತ್ತೇನೇ?" ಎಂದ ಚಿಕ್ಕಪ್ಪ. ಒಂದು ಸಲ ಬೇಯಿಸಿ ತೆಗೆದಷ್ಟು ಬ್ರೆಡ್ಡಿಗೆ ಅವನು ಒಬ್ಬೆ ಎನ್ನುತ್ತಿದ್ದ. "ಅದು ಉಬ್ಬಿದ ಒಬ್ಬೆ, ಇದು ಚಪ್ಪಟೆ ಒಬ್ಬೆ." ಹಾಗೆನ್ನುತ್ತಾ ಎರಡನೇ ಸುತ್ತಿನ ಮೂರು ಮರ ಬರುವಷ್ಟರಲ್ಲಿ ಗೊರಕೆ ಶುರು!

ಅಂದಿನಿಂದ ಪದ್ಧತಿಯಾಯಿತು. ಚಿಕ್ಕಮ್ಮ ಮಿಕ್ಕ ಬಟ್ಟೆಯಲ್ಲಿ ಪ್ರತಿ ಡಿಸ್ಕಿಗೂ ಚೀಲ ಹೊಲಿದಳು. ಉಬ್ಬಿದ್ದಕ್ಕೆ ಬಿಳಿ ಗುಂಡಿ, ಚಪ್ಪಟೆಯದಕ್ಕೆ ಕಪ್ಪು. ಬಿಳಿ ಗುಂಡಿ ರಜೆಯ ದಿನಕ್ಕೆ. ಕೆಲಸದ ದಿನ ಕಪ್ಪು ಗುಂಡಿ, ಅದರಲ್ಲೂ ಆ ಮೂರು ಮರದ ಡಿಸ್ಕು. ಮಿಕ್ಕ ಕಪ್ಪು ಗುಂಡಿಗಳಲ್ಲಿ ನಡುನಡುವೆ ಒಂದಾದರೂ ಚಂದದ ಮೋಡ ಬಂದು ಅವನ ಕಣ್ಣು ತೆರೆಸಿಬಿಡುತ್ತಿತ್ತು. ಇದರಲ್ಲಿ ಆ ಕಾಟವಿಲ್ಲ, ಆದಿಯಿಂದ ಅಂತ್ಯದವರೆಗೆ ಸಪ್ಪೆ.

ಹಾಕಿ ಹಾಕಿ ಅದು ಸವೆಯಿತು. ಒಂದು ಬೆಳಿಗ್ಗೆ ಕರಡಿ ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು. ಒರೆಸಿದಳು, ಊದಿದಳು, ಸೆರಗಿನಲ್ಲಿ ಉಜ್ಜಿದಳು. ಊಹೂಂ. ಅಂಗಡಿಗೆ ಓಡಿದಳು.

"ಅಕ್ಕಾ, ಚೆನ್ನಾಗಿರೋದು ಕೊಡು ಅಂತ ಎಲ್ರೂ ಬರ್ತಾರೆ," ಎಂದು ಡಿವಿಡಿ ಅಂಗಡಿಯವನು ನಕ್ಕ. "ಚೆನ್ನಾಗಿಲ್ಲದ್ದೇ ಬೇಕು ಅಂತ ಹಟ ಹಿಡಿದೋರು ನೀವೊಬ್ರೇ. ಅದನ್ನ ಈಗ ಯಾರೂ ಇಟ್ಕೊಂಡಿಲ್ಲ."

ಚಿಕ್ಕಪ್ಪ ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದ. ಹೀಗೇ ಕೆಲವು ದಿನ ಕಳೆದವು. ಒಂದು ಪಾಳಿಯಲ್ಲಿ ಭಟ್ಟಿಯ ಮುಂದೆ ನಿಂತಲ್ಲೇ ತೂಕಡಿಸಿದ, ಒಂದು ಒಬ್ಬೆ ಬ್ರೆಡ್ಡು ಪೂರ್ತಿ ಇದ್ದಿಲಾಯಿತು. "ಇನ್ನೊಂದ್ಸಲ ಹೀಗಾದ್ರೆ ಭಟ್ಟಿ ಬೇರೆಯವರಿಗೆ," ಎಂದ ಬೇಕರಿ ಯಜಮಾನ. ಚಿಕ್ಕಪ್ಪನಿಗೆ ಭಟ್ಟಿ ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ, ಗೊತ್ತಾಗುವುದೂ ಬೇಕಿರಲಿಲ್ಲ.

"ಕಣ್ಮುಚ್ಕೊಳ್ಳಿ, ನಾನೇ ಹೇಳ್ತೀನಿ ಆ ಕಥೆ," ಎಂದು ಚಿಕ್ಕಮ್ಮ ಅಂಗಿಯ ಕಟ್ಟು ಬಿಚ್ಚಿಕೊಂಡು ಮಂಚದ ಪಕ್ಕ ಕೂತಳು. ಅವಳ ಬಾಯಿ ಸುಮ್ಮನಿರುವ ಬಾಯಲ್ಲ. ಮರದ ಮೇಲೊಂದು ಹದ್ದು ಕೂರಿಸಿದಳು, ಹದ್ದಿನ ಕಾಲಿಗೆ ಉಂಗುರ ತೊಡಿಸಿದಳು, ಉಂಗುರದೊಳಗೆ ಸಮುದ್ರದ ಮೊರೆತ ಕೇಳಿಸಿದಳು. ಚಿಕ್ಕಪ್ಪ ಎದ್ದೇ ಕೂತುಬಿಟ್ಟ.

"ಆಮೇಲೆ? ಯಾರದು ಉಂಗುರ?"

"ಅಯ್ಯೋ, ನೀವು ಮಲ್ಕೊಳ್ರೀ!"

"ಹೆಂಗೆ ಮಲಗ್ಲಿ? ಇದು ಉಬ್ಬಿದ ಒಬ್ಬೆ ಕಣೇ! ನೀನು ಸ್ವಲ್ಪ ಕೆಟ್ಟದಾಗಿ ಹೇಳೋದು ಕಲೀಬೇಕು."

ಆ ರಾತ್ರಿ ಅವನು ಕೆಲಸ ಮುಗಿಸಿ ಬರುವವರೆಗೂ ಚಿಕ್ಕಮ್ಮನ ಜೀವ ಕೈಯಲ್ಲಿತ್ತು. ಮುಖ ತೊಳೆದು ತೊಳೆದು ಹೇಗೋ ಪಾಳಿ ದಾಟಿಸಿದ್ದ, ಕಣ್ಣು ಕೆಂಡದಂತೆ. ಅವಳು ಪರದೆ ಎಳೆದಳು, ಸೂಜಿ ಎತ್ತಿಕೊಂಡಳು. ನಾಲಿಗೆ ಹೇಳುವ ಹಾಗೆ ಕೈ ಕೇಳುವುದು ಬೇಡ, ಕೈ ಹೇಳಿದ ಹಾಗೆ ನಾಲಿಗೆ ಕೇಳಲಿ ಎಂದುಕೊಂಡಳು. ಸೂಜಿ ಮೇಲೆ ಬಂದಾಗ ಒಂದು ಮರ, ಕೆಳಗೆ ಹೋದಾಗ ಇನ್ನೊಂದು ಮರ.

"ನಡೀತಾರೆ... ಒಂದು ಮರ... ಇನ್ನೊಂದು ಮರ... ಮತ್ತೊಂದು ಮರ..."

"ಹದ್ದು?"

"ಹದ್ದಿಲ್ಲ. ಮರ."

"ಆಮೇಲೆ..."

"ಆಮೇಲೇನೂ ಇಲ್ಲ. ನಡೀತಾರೆ. ಮರ..."

ಮೇಲೆ ಕುರ್ಚಿ ಎಳೆದ ಸದ್ದು ಎಲ್ಲೋ ದೂರದ ಗುಡುಗಿನಂತೆ ಕೇಳಿಸಿತು. ಬಿಸಿಲು ಪರದೆಯ ಮೇಲೆ ಅವಳ ಮಡಿಲಲ್ಲಿದ್ದ ಅಂಗಿಯ ಬಣ್ಣಕ್ಕೆ ತಿರುಗಿತು. ಚಿಕ್ಕಪ್ಪನ ಉಸಿರು ನಾದಿದ ಹಿಟ್ಟಿನ ಹಾಗೆ ಮೆಲ್ಲಗೆ ಉಬ್ಬಿ ಇಳಿಯತೊಡಗಿತು. ಚಿಕ್ಕಮ್ಮ ನಿಲ್ಲಿಸಲಿಲ್ಲ, ಸೂಜಿಯೂ ಅದೇ ಗುಂಡಿಯಲ್ಲಿ ಮೇಲೆ ಕೆಳಗೆ. ನಿಲ್ಲಿಸಿದರೆ ಎದ್ದುಬಿಟ್ಟಾನೆಂಬ ಭಯ ಮೊದಲು, ಆಮೇಲೆ ಭಯವೂ ಅಲ್ಲ. ತಾನೇ ಆ ದಾರಿಯಲ್ಲಿ ನಡೆಯುತ್ತಿದ್ದಂತೆ, ಕರಡಿಯ ಬೆಚ್ಚನೆಯ ರೋಮ ಮೊಣಕೈಗೆ ತಾಗಿದಂತೆ, ಮರಗಳ ಆಚೆ ಎಲ್ಲೋ ನೀರು ಹೊಳೆದಂತೆ. ಅತ್ತ ತಿರುಗಿ ನೋಡಲಿಲ್ಲ. ನೋಡಿದರೆ ಅದನ್ನೂ ಹೇಳಿಬಿಡುತ್ತಿದ್ದಳು, ಅವನು ಎದ್ದು ಕೂರುತ್ತಿದ್ದ.

ಭಟ್ಟಿ ಕೊನೆಯವರೆಗೂ ಚಿಕ್ಕಪ್ಪನದೇ ಆಗಿ ಉಳಿಯಿತು. ಹೊಲಿಗೆ ಅಂಗಡಿಯವನು ಮಾತ್ರ ಗೊಣಗುತ್ತಿದ್ದ: "ಏನಮ್ಮಾ, ಒಂದು ಗುಂಡಿಗೆ ಇಷ್ಟು ದಾರ? ಅಂಗಿ ಹರಿದುಹೋದ್ರೂ ಇದು ಬಿಡಲ್ವಲ್ಲ!"

"ನಮ್ಮನೆಯವರ ನಿದ್ದೆ ಅಣ್ಣಾ ಅದು, ಗಟ್ಟಿ," ಎನ್ನುತ್ತಿದ್ದಳು ಚಿಕ್ಕಮ್ಮ, ಮುಂದಿನ ಕಟ್ಟು ಎತ್ತಿಕೊಳ್ಳುತ್ತಾ.